ಮಡಚುವ ಕೋವಿಯ ಸೀಳಿದ ಹಿಡಿ

ಹಳೇ ಕೋವಿ ಕೂಡಿಡುವವರಲ್ಲಿ ಎರಡು ಬಗೆ. ಒಂದು ಬಗೆಯವರು ಲಂಡನ್ನಿನ ದೊಡ್ಡ ಹೆಸರುಗಳ ಹಿಂದೆ ಬಿದ್ದವರು. ನವಿರಾದ ಕೆತ್ತನೆ, ಚರ್ಮದ ಪೆಟ್ಟಿಗೆ, ಹರಾಜಿನಲ್ಲಿ ಒಂದು ಒಳ್ಳೇ ಕಾರಿನ ಬೆಲೆ. ಇನ್ನೊಂದು ಬಗೆಯವರು ಯಾರಿಗೂ ಬೇಡವಾದ ಒಂಟಿ ನಳಿಗೆಯ ಮಡಚುವ ಕೋವಿಗಳನ್ನ ಹುಡುಕಿಕೊಂಡು ಹೋಗ್ತಾರೆ. ಎಷ್ಟೋ ಸಲ ಅವುಗಳ ಮೇಲೆ ಮಾಡಿದವನ ಹೆಸರೂ ಇರಲ್ಲ. ಮರದ ಹಿಡಿ ಸೀಳಿರುತ್ತೆ. ಸೀಳಿದ ಜಾಗಕ್ಕೆ ಯಾರೋ ಪುಣ್ಯಾತ್ಮರು ತಾಮ್ರದ ತಂತಿ ಸುತ್ತಿರ್ತಾರೆ, ಇಲ್ಲಾಂದ್ರೆ ತಗಡು ಬಡಿದಿರ್ತಾರೆ. ಹೊಸ ಹಿಡಿ ಮಾಡಿಸೋಣ ಅಂದ್ರೆ ಅದರ ಕೂಲಿಯೇ ಕೋವಿಯ ಬೆಲೆಗಿಂತ ಜಾಸ್ತಿ. ಲಾಭ ನಷ್ಟದ ಲೆಕ್ಕ ಹಾಕುವವರು ಕೈ ಹಾಕುವ ಕೆಲಸ ಅಲ್ಲ ಇದು.

ಆದರೂ ಯುರೋಪ್, ಅಮೆರಿಕಗಳಲ್ಲಿ ರಾತ್ರಿ ಊಟ ಮುಗಿಸಿ ಶೆಡ್ಡಿಗೆ ಹೋಗಿ ಇದನ್ನೇ ಮಾಡುವವರು ಇದ್ದಾರೆ. ನನಗೆ ಈ ಎರಡನೇ ಬಗೆಯವರ ಮೇಲೆ ಪ್ರೀತಿ. ಬೇಟೆಯ ಹುಚ್ಚಿನಿಂದ ಅಲ್ಲ. ನನಗೆ ಗುಂಡು ಹೊಡೆಯೋದಕ್ಕಿಂತ ಕೀಬೋರ್ಡ್ ಹೊಡೆಯೋದೇ ಚೆನ್ನಾಗಿ ಬರುತ್ತೆ. ಇಷ್ಟ ಯಾಕೆ ಅಂದ್ರೆ, ಬಡವರ ಇತಿಹಾಸ ಕಾಗದದ ಮೇಲೆ ಸಿಗೋದು ಕಡಿಮೆ, ವಸ್ತುಗಳ ಮೇಲೆ ಸಿಗೋದು ಹೆಚ್ಚು. ಮಡಚುವ ಕೋವಿಯಲ್ಲಿ ಆ ಇತಿಹಾಸ ಕಬ್ಬಿಣದಲ್ಲಿ ಇಲ್ಲ, ಮರದಲ್ಲಿದೆ. ರಿಪೇರಿ ಮಾಡುವ ಭರದಲ್ಲಿ ಮೊದಲು ಉಜ್ಜಿ ಬಿಸಾಕೋದೂ ಅದನ್ನೇ.

ಮೊದಲು, ಮಡಚುವ ಕೋವಿ ಅಂದ್ರೇನು ಅಂತ ನೋಡೋಣ. ಸಾಮಾನ್ಯ ತೋಟಾ ಕೋವಿ ನೋಡಿದವರಿಗೆ ಗೊತ್ತು: ಒಂದು ಕೀಲಿ ಒತ್ತಿದರೆ ನಳಿಗೆ ಮುಂದಕ್ಕೆ ಬಾಗುತ್ತೆ, ಹಿಂದಿನ ಬಾಯಿ ತೆರೆಯುತ್ತೆ, ಅಲ್ಲಿ ತೋಟಾ ತುಂಬಿಸಿ ಮುಚ್ಚೋದು. ಅದು ತೋಟಾ ಹಾಕೋಕೆ ಎಷ್ಟು ಬೇಕೋ ಅಷ್ಟು ಮಾತ್ರ ಬಾಗುತ್ತೆ. ಮಡಚುವ ಕೋವಿಯಲ್ಲಿ ತಡೆಯೇ ಇಲ್ಲ. ನಳಿಗೆ ಪೂರ್ತಿ ತಿರುಗಿ ಬಂದು ಹಿಡಿಯ ಹೊಟ್ಟೆಗೆ ಆತುಕೊಂಡು ಕೂರುತ್ತೆ, ಚಾಕು ಮಡಚಿದ ಹಾಗೆ. ಮಡಚಿದಾಗ ಇಡೀ ಕೋವಿ ಹೆಚ್ಚುಕಮ್ಮಿ ನಳಿಗೆಯಷ್ಟೇ ಉದ್ದ. ಉದ್ದನೆಯ ಕೋಟಿನ ಒಳಗೆ, ಹುಲ್ಲಿನ ಹೊರೆಯಲ್ಲಿ, ಚೀಲದಲ್ಲಿ, ಎಲ್ಲಿ ಬೇಕಾದರೂ ಹೋಗುತ್ತೆ.

ಇಂಗ್ಲೆಂಡಿನಲ್ಲಿ ಇದಕ್ಕೆ ಕಳ್ಳಬೇಟೆಯವನ ಕೋವಿ ಅಂತಲೇ ಹೆಸರು. ಆ ಹೆಸರಿನ ಹಿಂದೆ ಒಂದು ದೊಡ್ಡ ಕತೆ ಇದೆ.

ಹಿಂದಿನಿಂದ ತೋಟಾ ತುಂಬುವ ಕೋವಿ ಬರೋಕೆ ಮುಂಚೆ ಮಡಚುವ ಮಾತೇ ಇರಲಿಲ್ಲ. ಆಗೆಲ್ಲ ಮುಂದಿನ ಬಾಯಿಂದ ಮದ್ದು ಸುರಿದು, ಬಟ್ಟೆಯೋ ನಾರೋ ತುರುಕಿ, ಚರೆ ಹಾಕಿ, ಗಜದಿಂದ ಜಡಿಯಬೇಕಿತ್ತು. ಕಿಡಿ ಹೊತ್ತಿಸೋಕೆ ಚಕಮಕಿ ಕಲ್ಲು. ಸ್ಕಾಟ್ಲೆಂಡಿನಲ್ಲಿ ಅಲೆಕ್ಸಾಂಡರ್ ಫೋರ್ಸಿತ್ ಅಂತ ಒಬ್ಬ ಪಾದ್ರಿ ಇದ್ದ. ಅವನಿಗೆ ಕಾಡುಬಾತುಗಳ ಬೇಟೆಯ ಹುಚ್ಚು. ಚಕಮಕಿಯ ಬೆಳಕು ಕಂಡ ತಕ್ಷಣ ಬಾತುಗಳು ಹುಷಾರಾಗಿ ತಪ್ಪಿಸಿಕೊಳ್ತಿದ್ದವು ಅನ್ನೋದೇ ಅವನ ತಲೆನೋವು ಅಂತ ಕತೆ ಹೇಳ್ತಾರೆ. ಬಡಿದರೆ ಸಿಡಿಯುವ ರಾಸಾಯನಿಕದಿಂದ ಮದ್ದು ಹೊತ್ತಿಸುವ ಉಪಾಯಕ್ಕೆ ಅವನು 1807ರಲ್ಲಿ ಪೇಟೆಂಟ್ ಪಡೆದ. ಅಲ್ಲಿಂದ ಮುಂದೆ ತಾಮ್ರದ ಕೇಪು ಬಂತು. ನಮ್ಮ ಮಲೆನಾಡಿನ ಕೇಪಿನ ಕೋವಿ ಇದೇ ವಂಶದ್ದು.

ಆಮೇಲೆ ಪ್ಯಾರಿಸ್ಸಿನ ಲೆಫೋಶೆ 1830ರ ದಶಕದಲ್ಲಿ ನಳಿಗೆ ಬಾಗುವ ಕೋವಿಯನ್ನೂ, ಮದ್ದು, ಚರೆ, ಕೇಪು ಮೂರನ್ನೂ ಒಟ್ಟಿಗೆ ಇಟ್ಟುಕೊಂಡ ತೋಟಾವನ್ನೂ ತಂದ. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಇಂಗ್ಲೆಂಡಿನ ಕೋವಿ ಮಾಡುವವರು ಅದನ್ನ ನೋಡಿದರು. ಮೊದಲು ಮೂಗು ಮುರಿದರು, ಆಮೇಲೆ ಎಲ್ಲರೂ ಅದನ್ನೇ ಮಾಡೋಕೆ ಶುರು ಮಾಡಿದರು. ಒಂದು ಕೀಲು ಬಂದ ಮೇಲೆ ಅದನ್ನ ಇನ್ನೂ ಸ್ವಲ್ಪ ತಿರುಗಿಸಿದರೆ ಏನಾಗುತ್ತೆ ಅನ್ನೋ ಯೋಚನೆ ಯಾರಿಗೋ ಬಂದೇ ಬರುತ್ತೆ. ಹತ್ತೊಂಬತ್ತನೇ ಶತಮಾನ ಮುಗಿದು ಇಪ್ಪತ್ತನೆಯದು ಶುರುವಾಗುವ ಹೊತ್ತಿಗೆ ಮಡಚುವ ಒಂಟಿ ನಳಿಗೆ ಕೋವಿಗಳು ಯುರೋಪಿನ ತುಂಬ ಅಗ್ಗದ ಬೆಲೆಗೆ ಸಿಗ್ತಾ ಇದ್ದವು.

ಯಾಕೆ ಬೇಕಿತ್ತು ಈ ಮಡಚೋದು? ಇದಕ್ಕೆ ಉತ್ತರ ಕಾನೂನಿನ ಪುಸ್ತಕದಲ್ಲಿದೆ. ಇಂಗ್ಲೆಂಡಿನಲ್ಲಿ 1671ರ ಕಾಯ್ದೆ ಪ್ರಕಾರ ವರ್ಷಕ್ಕೆ 100 ಪೌಂಡ್ ಆದಾಯದ ಸ್ವಂತ ಜಮೀನು ಇದ್ದವರಿಗೆ, ಇಲ್ಲವೇ ಅಂಥದ್ದೇ ಅಂತಸ್ತು ಇದ್ದವರಿಗೆ ಮಾತ್ರ ಬೇಟೆಯ ಹಕ್ಕು. ಆಗಿನ ಕಾಲಕ್ಕೆ ಅದು ಭಾರೀ ದುಡ್ಡು. ಹೊಲದಲ್ಲಿ ಉತ್ತು ಬಿತ್ತುವವನು ತನ್ನ ಬೆಳೆ ತಿನ್ನೋ ಮೊಲ ಹೊಡೆದರೂ ಅಪರಾಧ. 1828ರಲ್ಲಿ ರಾತ್ರಿ ಕಳ್ಳಬೇಟೆಗೆ ಬೇರೆ ಕಾಯ್ದೆ ಬಂತು. ಮೂರನೇ ಸಲ ಸಿಕ್ಕಿಬಿದ್ದರೆ ಗಡಿಪಾರಿನ ಶಿಕ್ಷೆ, ಅಂದ್ರೆ ಸಮುದ್ರದಾಚೆಗೆ. 1831ರಲ್ಲಿ ಆಸ್ತಿಯ ಷರತ್ತು ಹೋಗಿ ಲೈಸೆನ್ಸ್ ಬಂತು. ಆದರೆ ಜಮೀನು ಯಾರದ್ದು ಅನ್ನೋ ಪ್ರಶ್ನೆ ಹಾಗೇ ಉಳೀತು.

ಈ ಕತೆಯಲ್ಲಿ ನನಗೆ ಮುಖ್ಯ ಅನಿಸೋದು 1862ರ ಕಳ್ಳಬೇಟೆ ತಡೆ ಕಾಯ್ದೆ. ಅದು ಪೊಲೀಸರಿಗೆ ಒಂದು ಹೊಸ ಅಧಿಕಾರ ಕೊಟ್ಟಿತು. ಯಾರದ್ದೋ ಜಮೀನಿನಲ್ಲಿ ಬೇಟೆ ಆಡಿ ಬರ್ತಿದ್ದಾನೆ ಅಂತ ಅನುಮಾನ ಬಂದರೆ ಸಾಕು, ಸಾರ್ವಜನಿಕ ರಸ್ತೆಯಲ್ಲೇ ನಿಲ್ಲಿಸಿ ತಪಾಸಣೆ ಮಾಡಬಹುದು, ಕೋವಿ ಕಿತ್ತುಕೊಳ್ಳಬಹುದು. ಅಂದ್ರೆ ಬಡವ ಕೈಯಲ್ಲಿ ಕೋವಿ ಹಿಡಿದು ರಸ್ತೆಯಲ್ಲಿ ನಡೆದರೇ ಅನುಮಾನ. ಸಾಹುಕಾರನ ಕೋವಿ ಉದ್ದ ಇದ್ದಷ್ಟೂ ಚೆಂದ. ಬಡವನ ಕೋವಿ ಕಾಣದಷ್ಟೂ ಚೆಂದ. ಮಡಚುವ ಕೀಲಿನ ಬೆಲೆ ಇರೋದು ಇಲ್ಲಿ.

ಹಾಗಂತ ಮಡಚುವ ಕೋವಿ ಇಟ್ಟುಕೊಂಡವರೆಲ್ಲ ಕಳ್ಳಬೇಟೆಯವರಲ್ಲ. 1880ರ ಇನ್ನೊಂದು ಕಾಯ್ದೆ ಗೇಣಿ ರೈತರಿಗೂ ತಮ್ಮ ಹೊಲದ ಮೊಲಗಳನ್ನ ಹೊಡೆಯುವ ಹಕ್ಕು ಕೊಟ್ಟಿತು. ಆಮೇಲೆ ಸಣ್ಣ ಹಿಡುವಳಿಯವರು, ತೋಟದ ಮಾಲಿಗಳು, ಇಲಿ ಹೆಗ್ಗಣದ ಕಾಟ ಇದ್ದವರು ಎಲ್ಲರಿಗೂ ಹಗುರವಾದ, ಅಗ್ಗದ, ಬಾಗಿಲ ಹಿಂದೆ ನೇತುಹಾಕಬಹುದಾದ ಒಂದು ಕೋವಿ ಬೇಕಿತ್ತು. ಇವುಗಳಲ್ಲಿ ಬಹಳಷ್ಟು 410 ಅನ್ನೋ ಸಣ್ಣ ಅಳತೆಯವು. ಅಂದ್ರೆ ನಳಿಗೆಯ ಒಳಗಿನ ಅಗಲ 0.410 ಇಂಚು, ಸುಮಾರು 10.4 ಮಿಲಿಮೀಟರ್. ನಾವು ಕೇಳಿರೋ 12 ಬೋರ್ ಲೆಕ್ಕವೇ ಬೇರೆ: ಒಂದು ಪೌಂಡ್ ಸೀಸದಲ್ಲಿ ಒಂದೇ ಅಳತೆಯ 12 ಗುಂಡು ಮಾಡಿದರೆ ಒಂದೊಂದು ಎಷ್ಟು ದಪ್ಪ ಇರುತ್ತೋ ಅಷ್ಟು ಅಗಲ. ಅದು ಸುಮಾರು 18.5 ಮಿಲಿಮೀಟರ್ ಆಗುತ್ತೆ. ಬೋರ್ ನಂಬರ್ ಕಡಿಮೆ ಆದಷ್ಟೂ ನಳಿಗೆ ದೊಡ್ಡದು ಅನ್ನೋ ತಲೆಕೆಳಗು ಲೆಕ್ಕ ಬಂದಿದ್ದು ಹೀಗೆ.

ಈಗ ಈ ಕೋವಿಗಳು ಹುಟ್ಟಿದ ಊರಿಗೆ ಹೋಗೋಣ. ಬೆಲ್ಜಿಯಂನ ಲಿಯೇಜ್. ಒಂದು ಕಾಲಕ್ಕೆ ಜಗತ್ತಿನ ಮೂಲೆ ಮೂಲೆಗೆ ಅಗ್ಗದ ಕೋವಿ ಕಳಿಸ್ತಿದ್ದ ಊರು. ಅಲ್ಲಿನ ಕೆಲಸದ ರೀತಿ ನಮ್ಮ ಐಟಿಯವರಿಗೆ ಬೇಗ ಅರ್ಥ ಆಗುತ್ತೆ. ಒಂದೇ ಕಾರ್ಖಾನೆಯಲ್ಲಿ ಒಂದು ಕೋವಿ ಪೂರ್ತಿ ತಯಾರಾಗ್ತಿದ್ದದ್ದು ಅಪರೂಪ. ನಳಿಗೆ ಮಾಡುವ ಮನೆಗಳು ವೆಸ್ಡ್ರ್ ನದಿಯ ಕಣಿವೆಯಲ್ಲಿ. ಕುದುರೆ, ಸ್ಪ್ರಿಂಗು ಮಾಡುವವರು ಇನ್ನೆಲ್ಲೋ. ಮರದ ಹಿಡಿ ಕೆತ್ತುವವರು ತಮ್ಮ ಮನೆಯ ಜಗಲಿಯಲ್ಲಿ ಕೂತು ಕೆಲಸ ಮಾಡುವವರು. ‘ತಯಾರಕ’ ಅನ್ನಿಸಿಕೊಂಡವನು ಈ ಬಿಡಿಭಾಗಗಳನ್ನ ಕೊಂಡು, ಜೋಡಿಸಿ, ಮಾರುವವನು. ಎಷ್ಟೋ ಸಲ ಬೇರೆ ದೇಶದ ಅಂಗಡಿಯವನು ಕೇಳಿದ ಹೆಸರನ್ನೇ ನಳಿಗೆಯ ಮೇಲೆ ಹಾಕಿ ಕಳಿಸ್ತಿದ್ದರು, ಇಲ್ಲಾ ಹೆಸರೇ ಹಾಕ್ತಿರಲಿಲ್ಲ. ಕೂಲಿ ಪೀಸಿನ ಲೆಕ್ಕ. ನಿಜವಾಗಿ ಕೆಲಸ ಮಾಡಿದವನ ಹೆಸರು ಎಲ್ಲೂ ಇಲ್ಲ.

ಒಂದು ವಿಷಯದಲ್ಲಿ ಮಾತ್ರ ಲಿಯೇಜ್ ಕಟ್ಟುನಿಟ್ಟು. ಮಾರುವ ಮುಂಚೆ ಪ್ರತಿ ನಳಿಗೆಯನ್ನೂ ಜಾಸ್ತಿ ಮದ್ದು ತುಂಬಿ ಹೊಡೆದು ಪರೀಕ್ಷಿಸಿ ಮುದ್ರೆ ಒತ್ತಬೇಕು. 1672ರಷ್ಟು ಹಿಂದೆಯೇ ಅಲ್ಲಿ ಇಂಥ ನಿಯಮ ಬಂದಿತ್ತು, 1810ರಲ್ಲಿ ನೆಪೋಲಿಯನ್ ಆಳ್ವಿಕೆ ಅದನ್ನ ಇನ್ನೂ ಬಿಗಿ ಮಾಡಿತು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಟೆಸ್ಟಿಂಗ್ ಆಗದೆ ರಿಲೀಸ್ ಇಲ್ಲ. ಆ ಮುದ್ರೆಯೇ ಈಗ ಸಂಗ್ರಹಕಾರರ ಪಂಚಾಂಗ. ಮೊಟ್ಟೆಯಾಕಾರದ ಗೆರೆಯೊಳಗೆ ಇ, ಎಲ್, ಜಿ ಅನ್ನೋ ಮೂರು ಅಕ್ಷರ ಇರುತ್ತೆ. ಅದರ ಮೇಲೆ ಕಿರೀಟ ಇಲ್ಲದಿದ್ದರೆ ಕೋವಿ 1893ಕ್ಕಿಂತ ಹಳೇದು, ಕಿರೀಟ ಇದ್ದರೆ ಆಮೇಲಿನದು. 1922ರಿಂದ ಒಂದೊಂದು ವರ್ಷಕ್ಕೆ ಒಂದೊಂದು ಅಕ್ಷರವೂ ಸೇರಿಕೊಂಡಿತು. ಹೆಸರಿಲ್ಲದ ಕೋವಿಗೂ ಹುಟ್ಟಿದ ದಿನಾಂಕ ಒಂದು ಮಟ್ಟಿಗೆ ಸಿಗೋದು ಹೀಗೆ.

ಆದರೆ ಕಬ್ಬಿಣ ಹೇಳೋದು ಅಷ್ಟೇ. ಎಲ್ಲಿ ಹುಟ್ಟಿತು, ಯಾವಾಗ ಹುಟ್ಟಿತು. ಆಮೇಲಿನ ಅರವತ್ತು, ಎಂಬತ್ತು ವರ್ಷ ಯಾರ ಮನೆಯಲ್ಲಿತ್ತು, ಅವರು ಎಂಥವರು? ಲಂಡನ್ನಿನ ಪರ್ಡಿ ಥರದ ದೊಡ್ಡ ಕಂಪನಿಗಳ ಕೋವಿಗಾದರೆ ಲೆಡ್ಜರ್ ಇದೆ. ನಂಬರ್ ಕೊಟ್ಟರೆ ಯಾವ ರಾಜ ಯಾವ ವರ್ಷ ಕೊಂಡ, ಹಿಡಿ ಎಷ್ಟು ಉದ್ದ ಬೇಕು ಅಂದಿದ್ದ ಅಂತ ಹುಡುಕಬಹುದು. ಅಗ್ಗದ ಬೆಲ್ಜಿಯಂ ಕೋವಿಗೆ ಯಾವ ಲೆಡ್ಜರ್? ಅದಕ್ಕೆ ಉಳಿದಿರೋ ಒಂದೇ ಲಾಗ್ ಫೈಲ್ ಅಂದ್ರೆ ಅದರ ಮರದ ಹಿಡಿ.

ಈ ಹಿಡಿ ಯಾಕೆ ಸೀಳುತ್ತೆ ಅನ್ನೋದು ಗೊತ್ತಾದರೆ ಈ ಲಾಗ್ ಓದೋದು ಸುಲಭ. ಒಳ್ಳೇ ಕೋವಿಗೆ ಅಕ್ರೋಟ್ ಮರ. ನಾವು ಡ್ರೈಫ್ರೂಟ್ಸ್ ಅಂತ ತಿನ್ನೋ ಅದೇ ಅಕ್ರೋಟಿನ ಮರ. ಕಾಶ್ಮೀರದ್ದೂ ಯುರೋಪಿನದೂ ಒಂದೇ ಜಾತಿ. ಭಾರಕ್ಕೆ ತಕ್ಕ ಗಟ್ಟಿ, ಚೆನ್ನಾಗಿ ಒಣಗಿಸಿದರೆ ಸೊಟ್ಟ ಆಗಲ್ಲ, ಒದೆತ ತಡಕೊಳ್ಳುತ್ತೆ, ಉಳಿಗೆ ಚೆನ್ನಾಗಿ ಬಗ್ಗುತ್ತೆ. ಅಗ್ಗದ ಕೋವಿಗೆ ಅಷ್ಟು ಕೊಡೋಕಾಗಲ್ಲ. ಬೀಚ್ ಮರಕ್ಕೆ ಅಕ್ರೋಟಿನ ಬಣ್ಣ ಬಳಿದು ಕೊಡೋದೂ ಇತ್ತು.

ಕೋವಿ ಸಿಡಿದಾಗ ಚರೆ ಮುಂದೆ ಹೋಗುತ್ತೆ, ಕಬ್ಬಿಣ ಹಿಂದಕ್ಕೆ ಒದೆಯುತ್ತೆ. ಆ ಒದೆತ ಮರದ ಮೂಲಕವೇ ಭುಜಕ್ಕೆ ಬರಬೇಕು. ಕಬ್ಬಿಣವೂ ಮರವೂ ಕೂಡುವ ಜಾಗದಲ್ಲಿ ಎಲ್ಲೂ ಸಂದಿ ಇಲ್ಲದಿದ್ದರೆ ಒದೆತ ಎಲ್ಲ ಕಡೆ ಹಂಚಿಹೋಗುತ್ತೆ. ಸ್ಕ್ರೂ ಸಡಿಲ ಆದರೆ ಕಬ್ಬಿಣ ಒಂದೆರಡು ಕಡೆ ಮಾತ್ರ ತಾಗುತ್ತೆ, ಪ್ರತಿ ಸಲ ಸಿಡಿದಾಗಲೂ ಸೌದೆಗೆ ಬೆಣೆ ಹೊಡೆದ ಹಾಗೆ ಮರದೊಳಗೆ ನುಗ್ಗುತ್ತೆ. ಇದರ ಜೊತೆ ಎಣ್ಣೆ. ತುಕ್ಕು ಹಿಡೀಬಾರದು ಅಂತ ಮಾಲೀಕ ಪ್ರೀತಿಯಿಂದ ಎಣ್ಣೆ ಬಿಡ್ತಾನೆ. ಕೋವಿಯನ್ನ ಗೋಡೆಗೆ ಒರಗಿಸಿ ನಿಲ್ಲಿಸಿದಾಗ ಎಣ್ಣೆ ಕೆಳಗಿಳಿದು ಮರ ಸೇರುತ್ತೆ. ಮರ ಕಪ್ಪಾಗಿ ಮೆತ್ತಗಾಗುತ್ತೆ. ಮೆತ್ತಗಾದಷ್ಟೂ ಸಂದಿ ದೊಡ್ಡದು, ಸಂದಿ ದೊಡ್ಡದಾದಷ್ಟೂ ಪೆಟ್ಟು ಜೋರು. ಹಾಗಾಗಿ ಹಿಡಿಯ ಕುತ್ತಿಗೆ, ಅಂದ್ರೆ ಕೈಯಲ್ಲಿ ಹಿಡಿಯುವ ಸಣ್ಣ ಭಾಗ, ಮೊದಲು ಹೋಗುತ್ತೆ. ಮಡಚುವ ಕೋವಿಯಲ್ಲಿ ಆ ಕುತ್ತಿಗೆ ಇನ್ನೂ ಸಪೂರ. ಜೊತೆಗೆ ಮಡಚಿದಾಗೆಲ್ಲ ನಳಿಗೆ ಬಂದು ಹಿಡಿಯ ಹೊಟ್ಟೆಗೆ ತಾಗಿ ತಾಗಿ ಅಲ್ಲೊಂದು ಗುಳಿ.

ಈಗ ಓದಿ ನೋಡಿ. ಹೊಟ್ಟೆಯ ಗುಳಿ ಆಳವಾಗಿದ್ದರೆ ಈ ಕೋವಿಯನ್ನ ಮಡಚಿ ಬಿಚ್ಚಿ ತಿರುಗಾಡಿಸಿದ್ದಾರೆ, ಗೋಡೆಗೆ ನೇತುಹಾಕಿ ಸುಮ್ಮನೆ ಇಟ್ಟಿಲ್ಲ. ಹಿಡಿಯ ಒಂದೇ ಮಗ್ಗುಲು ನುಣುಪಾಗಿ ಹೊಳೀತಿದ್ದರೆ ಅಲ್ಲಿ ಕೆನ್ನೆ ತಾಗಿದೆ. ಯಾವ ಮಗ್ಗುಲು ಅನ್ನೋದರಿಂದ ಹೊಡೆದವನು ಎಡಗೈಯವನೋ ಬಲಗೈಯವನೋ ತಿಳಿಯುತ್ತೆ. ತುದಿಯಲ್ಲಿ ಒಂದಿಂಚು ಕತ್ತರಿಸಿದ್ದರೆ ಮನೆಯ ಹುಡುಗನಿಗೋ ಹೆಂಗಸಿಗೋ ಸರಿಹೊಂದಿಸಿದ್ದಿರಬಹುದು. ಬೇರೆ ಬಣ್ಣದ ಮರ ಸೇರಿಸಿ ಮತ್ತೆ ಉದ್ದ ಮಾಡಿದ್ದರೆ, ಆ ಹುಡುಗ ಬೆಳೆದ. ತಂತಿ ಸುತ್ತಿ ಅಂಟು ಬಳಿದ ಜಾಗ ಅಂದ್ರೆ, ಅಂಗಡಿಗೆ ಒಯ್ಯೋಕೆ ದುಡ್ಡಿರಲಿಲ್ಲ, ಬಿಸಾಕೋಕೆ ಮನಸ್ಸಿರಲಿಲ್ಲ. ಇವೆಲ್ಲ ಊಹೆಗಳೇ, ನಿಜ. ಆದರೆ ಪ್ರತಿ ಊಹೆಗೂ ಕಣ್ಣಿಗೆ ಕಾಣುವ ಒಂದು ಗುರುತಿನ ಆಧಾರ ಇದೆ.

ರಿಪೇರಿಯ ಪ್ರಶ್ನೆ ಬರೋದು ಇಲ್ಲೇ. ಹೊಸಬರು ಮಾಡೋ ಮೊದಲ ಕೆಲಸ ಅಂದ್ರೆ ಸ್ಯಾಂಡ್‌ಪೇಪರ್ ತಗೊಂಡು ಉಜ್ಜೋದು. ಹತ್ತು ನಿಮಿಷದಲ್ಲಿ ಎಂಬತ್ತು ವರ್ಷ ಹೋಯ್ತು. ಮೇಲೆ ವಾರ್ನಿಶ್ ಬಳಿದರೆ ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ. ಆದರೆ ಅನುಭವಸ್ಥರು ಹತ್ತಿರ ಬಂದು ಬೆರಳಾಡಿಸಿದರೆ ಸಾಕು, ಗೊತ್ತಾಗಿಬಿಡುತ್ತೆ. ಮರ ಕೆತ್ತುವವರು ಮರವನ್ನ ಕಬ್ಬಿಣಕ್ಕಿಂತ ಕೂದಲೆಳೆಯಷ್ಟು ಎತ್ತರ ಬಿಟ್ಟಿರ್ತಾರೆ. ಉಜ್ಜಿದ ಹಿಡಿಯಲ್ಲಿ ಮರ ತಗ್ಗಿ ಕಬ್ಬಿಣದ ಅಂಚು ಮೇಲೆದ್ದಿರುತ್ತೆ. ಹೋದ ಮರ ವಾಪಸ್ ಬರಲ್ಲ.

ಇದೇ ಜಗಳ ಇಂಗ್ಲೆಂಡಿನಲ್ಲಿ ಇನ್ನೂ ದೊಡ್ಡ ವಸ್ತುಗಳ ಬಗ್ಗೆ ಆಗಿತ್ತು. ಹಳೇ ಚರ್ಚುಗಳನ್ನ ‘ಮೊದಲಿನ ಹಾಗೆ’ ಮಾಡ್ತೀವಿ ಅಂತ ಹೊರಟವರು ಗೋಡೆಗಳನ್ನ ಕೆರೆದು ಶತಮಾನಗಳ ಗುರುತು ಅಳಿಸ್ತಿದ್ದರು. ಅದನ್ನ ನೋಡಲಾರದೆ ವಿಲಿಯಂ ಮಾರಿಸ್ 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಗೆ ಒಂದು ಸಂಘ ಕಟ್ಟಿದ. ಅದಕ್ಕೆ ಬಿದ್ದ ಅಡ್ಡಹೆಸರು ‘ಕೆರೆತ ವಿರೋಧಿ’ ಅನ್ನೋ ಅರ್ಥದ್ದು. ಅವರ ವಾದ ಸರಳ: ಹಳೇ ಕಟ್ಟಡ ಯಾವುದೋ ಒಂದು ವರ್ಷದ್ದಲ್ಲ, ಅದು ನಿಂತಿದ್ದ ಅಷ್ಟೂ ವರ್ಷಗಳದ್ದು. ಬೀಳದ ಹಾಗೆ ನೋಡಿಕೊಳ್ಳಿ, ಹೊಸದರ ವೇಷ ಹಾಕಬೇಡಿ. ಚರ್ಚಿಗೆ ಹೇಳಿದ ಈ ಮಾತು ಮೊಲ ಹೊಡೆಯೋ ಅಗ್ಗದ ಕೋವಿಗೂ ಸಲ್ಲುತ್ತೆ ಅಂತ ನನಗನಿಸುತ್ತೆ.

ಹಾಗಾದರೆ ಏನೂ ಮಾಡಬಾರದಾ? ಹಾಗಲ್ಲ. ಒಳ್ಳೇ ಕೈಯವರು ಮಾಡೋ ರೀತಿ ನೋಡಿ. ಮೊದಲು ಎಣ್ಣೆ ತೆಗೀತಾರೆ: ನುಣ್ಣನೆಯ ಸೀಮೆಸುಣ್ಣದ ಪುಡಿಯನ್ನ ಅಸಿಟೋನಿನಲ್ಲಿ ಕಲಸಿ ಮರಕ್ಕೆ ಮೆತ್ತಿ ಬಿಡೋದು. ಪುಡಿ ಒಣಗ್ತಾ ಎಣ್ಣೆ ಹೀರಿ ಹಳದಿ ತಿರುಗುತ್ತೆ. ಉದುರಿಸಿ ಮತ್ತೆ ಮೆತ್ತೋದು. ಕೆಲವು ಹಿಡಿಗಳಿಗೆ ಹತ್ತು ಸಲ ಮಾಡಿದರೂ ಮುಗಿಯಲ್ಲ. ಗುಳಿ ಬಿದ್ದ ಕಡೆ ಒದ್ದೆ ಬಟ್ಟೆ ಇಟ್ಟು ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಒತ್ತಿದರೆ ಹಬೆಗೆ ನಾರು ಉಬ್ಬಿ ಮೇಲೆ ಬರುತ್ತೆ. ಮರದ ನಾರು ತುಂಡಾಗದೆ ಬರೀ ಅಮುಕಿದ್ದರೆ ಮಾತ್ರ ಇದು ನಡೆಯೋದು. ಸೀಳಿಗೆ, ಒಳಗಿನ ಹಳೇ ಕೊಳೆ ತೊಳೆದು, ತೆಳ್ಳನೆಯ ಎಪಾಕ್ಸಿ ಇಳಿಸಿ, ರಬ್ಬರ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ ಬಿಡ್ತಾರೆ. ಕುತ್ತಿಗೆ ಪೂರ್ತಿ ಮುರಿದಿದ್ದರೆ ಒಳಗೆ ಹಿತ್ತಾಳೆ ಕಡ್ಡಿ ಕೂರಿಸ್ತಾರೆ, ಹೊರಗೆ ಕಾಣದ ಹಾಗೆ. ತುಂಡು ಕಳೆದುಹೋಗಿದ್ದರೆ ಹಳೇ ಹಿಡಿಯ ಚೂರು ಹುಡುಕಿ, ನಾರಿನ ಓಟ ಹೊಂದಿಸಿ, ದೋಣಿಯಾಕಾರದ ತೇಪೆ ಹಾಕ್ತಾರೆ. ಚೌಕ ತೇಪೆ ಹಾಕಿದರೆ ನಾರಿಗೆ ಅಡ್ಡ ಬರೋ ಗೆರೆ ಕಣ್ಣಿಗೆ ಹೊಡೆಯುತ್ತೆ. ಕೊನೆಗೆ ಅಗಸೆ ಎಣ್ಣೆ. ಬೆರಳ ತುದಿಯಷ್ಟು ತಗೊಂಡು ಅಂಗೈ ಬಿಸಿಗೆ ಉಜ್ಜೋದು, ಒಣಗೋಕೆ ಬಿಡೋದು, ಮತ್ತೆ ಉಜ್ಜೋದು. ವಾರಗಟ್ಟಲೆ ಕೆಲಸ.

ಇದಕ್ಕಿಂತ ಮುಖ್ಯ ಅವರು ಏನನ್ನ ಬಿಡ್ತಾರೆ ಅನ್ನೋದು. ತಂತಿ ಸುತ್ತು ಗಟ್ಟಿ ಇದ್ದರೆ ಹಾಗೇ ಬಿಡ್ತಾರೆ. ಕೆನ್ನೆಯ ಹೊಳಪು ಮುಟ್ಟಲ್ಲ. ಯಾರೋ ಚಾಕುವಿನಿಂದ ಕೊರೆದ ಇನಿಷಿಯಲ್ ತುಂಬಲ್ಲ. ಹಳೇ ಕೋಡ್ ಮುಟ್ಟಿದ ಯಾವ ಇಂಜಿನಿಯರಿಗೂ ಇದು ಗೊತ್ತಿರೋ ವಿಷಯ. ವಿಚಿತ್ರವಾಗಿ ಕಾಣೋ ಸಾಲು ಕಂಡ ತಕ್ಷಣ ಅಳಿಸೋ ಚಪಲ ಬರುತ್ತೆ, ಪೂರ್ತಿ ಹೊಸದಾಗಿ ಬರೆದುಬಿಡೋಣ ಅನಿಸುತ್ತೆ. ಆ ಸಾಲು ಒಂದು ರಾತ್ರಿ ಯಾರೋ ನಿದ್ದೆಗೆಟ್ಟು ಹಾಕಿದ ತೇಪೆ ಅಂತ ಆಮೇಲೆ ತಿಳಿಯುತ್ತೆ. ಕೋಡಿಗಾದರೆ ಹಳೇ ವರ್ಷನ್ ಎಲ್ಲೋ ಉಳಿದಿರುತ್ತೆ. ಮರಕ್ಕೆ ಬ್ಯಾಕಪ್ ಇಲ್ಲ.

ಇನ್ನು ನಮ್ಮ ಕಡೆಗೆ ಬರೋಣ. ಯುರೋಪಿನ ಬಡವನಿಗೂ ನಮ್ಮ ರೈತನಿಗೂ ಕೋವಿಯ ವಿಷಯದಲ್ಲಿ ಒಂದೇ ಆಳುವವರು ಎರಡು ಥರ ನಡಕೊಂಡರು. ಬ್ರಿಟನ್ನಿನಲ್ಲಿ 1870ರ ಕಾಯ್ದೆ ಪ್ರಕಾರ 10 ಶಿಲ್ಲಿಂಗ್ ಕೊಟ್ಟರೆ ಕೋವಿಗೆ ಲೈಸೆನ್ಸ್, ಅದೂ ಅಂಚೆ ಕಚೇರಿಯಲ್ಲಿ. ಎಂಟೇ ವರ್ಷಕ್ಕೆ, 1878ರಲ್ಲಿ, ಬ್ರಿಟಿಷ್ ಇಂಡಿಯಾಗೆ ಬಂದ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೋವಿ ಅಂದ್ರೆ ಸರ್ಕಾರ ಮನಸ್ಸು ಮಾಡಿದರೆ ಕೊಡುವ ಕೃಪೆ. ಯುರೋಪಿಯನ್ನರಿಗೆ ವಿನಾಯಿತಿ. ಅದೇ ವರ್ಷ ಅರಣ್ಯ ಕಾಯ್ದೆಯೂ ಬಂತು. ಕಾಡೂ ಕೋವಿಯೂ ಒಂದೇ ವರ್ಷ ಜನರ ಕೈಯಿಂದ ಜಾರಿದವು.

ವಿನಾಯಿತಿ ಸಿಕ್ಕ ಭಾರತೀಯರಲ್ಲಿ ಕೊಡವರು ಮುಖ್ಯ. 1857ರ ದಂಗೆಯ ನಂತರ ಎಲ್ಲೆಡೆ ಆಯುಧ ಕಿತ್ತುಕೊಳ್ಳುವಾಗಲೂ ಕೊಡಗನ್ನ ಬಿಟ್ಟರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರೋ ಆ ವಿನಾಯಿತಿಯನ್ನ ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನ ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ ಮುಡಿಸಿ ಪೂಜೆ ಮಾಡ್ತಾರೆ. ತೋಕ್ ಅಂದ್ರೆ ಕೊಡವ ಭಾಷೆಯಲ್ಲಿ ಕೋವಿ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ಪದ್ಧತಿ ಇದೆ. ಇಂಥ ಮನೆಯ ಕೋವಿಯ ಹಿಡಿಯಲ್ಲಿ ಎಷ್ಟು ತಲೆಮಾರಿನ ಕೈ ಗುರುತು ಇರಬಹುದು, ನೀವೇ ಯೋಚಿಸಿ.

ಮಲೆನಾಡಿನಲ್ಲಿ ಅಷ್ಟು ಸಂಭ್ರಮ ಇಲ್ಲ. ಬೆಳೆ ರಕ್ಷಣೆಗೆ ಅಂತ ಕೊಟ್ಟ ಲೈಸೆನ್ಸು, ಕಾಗದದಲ್ಲಿ ಎಸ್‌ಬಿಎಂಎಲ್ ಇಲ್ಲಾ ಎಸ್‌ಬಿಬಿಎಲ್ ಅನ್ನೋ ನಾಲ್ಕು ಅಕ್ಷರ. ಒಂದು ಮುಂದಿನಿಂದ ತುಂಬುವ ಒಂಟಿ ನಳಿಗೆ, ಇನ್ನೊಂದು ಹಿಂದಿನಿಂದ ತುಂಬುವ ಒಂಟಿ ನಳಿಗೆ. ಕೆಲಸ ಬಹುಪಾಲು ಮಂಗ ಓಡಿಸೋಕೆ ಸದ್ದು ಮಾಡೋದು. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸೋದು, ಮುಗಿದ ಮೇಲೆ ತರೋದು. ನಮ್ಮ ದೊಡ್ಡಪ್ಪನ ಕೋವಿಯ ಹಿಡಿಯೂ ಒಂದು ಕಡೆ ಕಪ್ಪಗೆ ಹೊಳೀತಿತ್ತು. ಇಂಜಿನಿಯರಿಂಗ್ ಓದುವಾಗ ರಜೆಗೆ ಹೋದವನು ಕೇಳಿದ್ದೆ:

“ದೊಡ್ಡಪ್ಪ, ಇದನ್ನ ಆಚಾರ್ ಹತ್ರ ಕೊಟ್ಟು ಪಾಲಿಶ್ ಮಾಡಿಸಬಾರ್ದಾ?”

“ಅದು ನಿಮ್ಮಜ್ಜನ ಬೆವರು ಮಾರಾಯ. ಪಾಲಿಶ್ ಹೊಡೆದ್ರೆ ಹೋಗ್ತದೆ.”

ವಿಲಿಯಂ ಮಾರಿಸ್ ಅನ್ನೋ ಹೆಸರು ದೊಡ್ಡಪ್ಪ ಕೇಳಿರೋಕೆ ಸಾಧ್ಯವೇ ಇಲ್ಲ.

ಇದನ್ನ ಓದ್ತಿರೋ ನಿಮ್ಮಲ್ಲೂ ಕೆಲವರ ಊರ ಮನೆಯಲ್ಲಿ ಇಂಥದ್ದೊಂದು ಕೋವಿ ಇರಬಹುದು. ಅಜ್ಜನ ಹೆಸರಲ್ಲಿ ಲೈಸೆನ್ಸು. ಅಜ್ಜನ ನಂತರ ಅದೊಂದು ತಲೆನೋವು ಅನಿಸುತ್ತೆ, ಬೆಂಗಳೂರಿನ ಫ್ಲಾಟಲ್ಲಿ ಕೋವಿ ಇಟ್ಟುಕೊಂಡು ಏನು ಮಾಡೋದು ಅನಿಸುತ್ತೆ. ಅಲ್ಲಿಗೆ ಆ ಮನೆಯ ಒಂದು ಎಳೆ ಕಡಿದುಹೋಗುತ್ತೆ. ಕಾನೂನಿನ ದಾರಿ ತಿಳಿದಿರಲಿ. ಲೈಸೆನ್ಸುದಾರರು ತೀರಿಕೊಂಡರೆ ಕೋವಿಯನ್ನ ಮನೆಯಲ್ಲಿ ಹಾಗೇ ಇಟ್ಟುಕೊಳ್ಳುವಂತಿಲ್ಲ. ಠಾಣೆಗೋ ಪರವಾನಗಿ ಇರೋ ಡೀಲರಿಗೋ ಒಪ್ಪಿಸಿ ರಸೀದಿ ಪಡೀಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು. ಲೈಸೆನ್ಸುದಾರರಿಗೆ 70 ವರ್ಷ ತುಂಬಿದ್ದರೆ, ಇಲ್ಲವೇ ಕೋವಿ 25 ವರ್ಷದಿಂದ ಅವರ ಬಳಿ ಇದ್ದರೆ, ಅವರು ಇರುವಾಗಲೇ ಕೇಳಬಹುದು. ಯಾರೂ ಕೇಳದೆ ಬಿಟ್ಟರೆ ಕೊನೆಗೆ ಅದು ಸರ್ಕಾರದ ಪಾಲು. ರಿಪೇರಿಗೂ ಪರವಾನಗಿ ಇದ್ದವರ ಹತ್ತಿರವೇ ಹೋಗಬೇಕು. ಇನ್ನೊಂದು ಮಾತು: ಹಳೇ ನಳಿಗೆಗೆ ಇವತ್ತಿನ ತೋಟಾ ಹಾಕಿ ಹೊಡೆಯೋ ಸಾಹಸ ಬೇಡವೇ ಬೇಡ. ಕಪ್ಪು ಮದ್ದಿನ ಕಾಲದ ಕಬ್ಬಿಣ, ಅದರಲ್ಲೂ ಪಟ್ಟಿ ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆ, ಈಗಿನ ಮದ್ದಿನ ಒತ್ತಡಕ್ಕೆ ಕೈಯಲ್ಲೇ ಸಿಡಿಯಬಹುದು.

ಕೋವಿ ಉಳಿಸಿಕೊಳ್ಳೋದೋ ಬಿಡೋದೋ ನಿಮ್ಮ ಮನೆಯ ವಿಷಯ. ಎರಡರಲ್ಲಿ ಯಾವುದಾದರೂ ಸರಿ, ಅದಕ್ಕೆ ಮುಂಚೆ ಒಂದು ಕೆಲಸ ಮಾಡಿ. ಹಗಲು ಬೆಳಕಲ್ಲಿ ಹಿಡಿಯ ಎರಡೂ ಮಗ್ಗುಲಿನ ಫೋಟೋ ತೆಗೀರಿ. ಸೀಳು, ತಂತಿ, ತಗಡು, ಗುಳಿ, ನಳಿಗೆಯ ಮೇಲಿನ ಮುದ್ರೆ, ಎಲ್ಲಾನೂ. ಆಮೇಲೆ ಆ ಫೋಟೋ ಹಿಡ್ಕೊಂಡು ಅಜ್ಜಿಯ ಹತ್ತಿರ ಕೂತು, ಈ ತಂತಿ ಸುತ್ತಿದ್ದು ಯಾರು, ಯಾವ ವರ್ಷ, ಯಾಕೆ ಮುರಿದಿತ್ತು ಅಂತ ಕೇಳಿ, ಬರೆದಿಟ್ಟುಕೊಳ್ಳಿ. ಲಿಯೇಜಿನ ಮುದ್ರೆಯ ಅರ್ಥ ಪುಸ್ತಕದಲ್ಲಿ ಸಿಗುತ್ತೆ. ತಂತಿಯ ಅರ್ಥ ಗೊತ್ತಿರೋರು ಊರಲ್ಲಿ ಒಬ್ಬರೋ ಇಬ್ಬರೋ ಉಳಿದಿರ್ತಾರೆ.